ಕಲ್ಲೆಸೆತದ ದೂರ: ಡ್ಯೂರರ್‌ನ ಮರದಚ್ಚಿನಲ್ಲಿ ಭಯ ಇರುವುದೆಲ್ಲಿ?

ಪ್ರಶ್ನೆ: ಯುರೋಪಿನ ಹಳೆಯ ಮರದಚ್ಚಿನ ಚಿತ್ರಗಳನ್ನು ಈಚೆಗೆ ನೋಡಲು ಶುರು ಮಾಡಿದ್ದೇನೆ. ಆಲ್ಬ್ರೆಕ್ಟ್ ಡ್ಯೂರರ್‌ನ ‘ದೊಡ್ಡ ಪ್ಯಾಶನ್’ ಸರಣಿಯಲ್ಲಿ ಯೇಸು ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸುವ ಚಿತ್ರ ಇದೆ. ಅದು ಸಂಕಟದ ಗಳಿಗೆ ಎನ್ನುತ್ತಾರೆ. ಆದರೆ ಮುಖದಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ. ಸುತ್ತಲಿನ ಬಂಡೆ, ಮರ ನೋಡಿದಾಗಲೇ ಎದೆ ಸ್ವಲ್ಪ ಬಿಗಿಯಾಯಿತು. ಇದು ನನ್ನ ಕಲ್ಪನೆಯಾ? ಕಲಾವಿದ ಬೇಕೆಂದೇ ಹೀಗೆ ಮಾಡಿದ್ದಾನಾ? ನಮ್ಮ ಕಾವ್ಯಮೀಮಾಂಸೆಯ ‘ಉದ್ದೀಪನ’ದ ಹಾಗೆ, ಅಂದರೆ ಪಾತ್ರದ ಭಾವವನ್ನು ಹೊತ್ತಿಸುವ ಸುತ್ತಲಿನ ಸಂಗತಿಯ ಹಾಗೆ, ಇದನ್ನು ಓದಬಹುದಾ?

ಉತ್ತರ:

ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಮುಖದಲ್ಲಿ ಹುಡುಕಿದ್ದು ಸಿಗದೆ ಬಂಡೆಯಲ್ಲಿ ಸಿಕ್ಕಿತು ಎಂದಿರಲ್ಲ, ಅದು ಈ ಚಿತ್ರಕ್ಕೆ ಮಾತ್ರ ಸೇರಿದ ವಿಷಯ ಅಲ್ಲ. ಮರದಚ್ಚು ಕೆಲಸ ಮಾಡುವ ರೀತಿಯೇ ಹಾಗೆ. ಆದರೆ ‘ಬೇಕೆಂದೇ ಮಾಡಿದ್ದಾನಾ’ ಎಂಬುದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಅದು ಜಾಣತನದ ಉತ್ತರ ಆಗುತ್ತದೆ, ನಿಜವಾದ ಉತ್ತರ ಆಗುವುದಿಲ್ಲ. ಮೊದಲು ಕಥೆ, ಆಮೇಲೆ ಮರ ಮತ್ತು ಚಾಕು ನೋಡೋಣ.

ಕಥೆ ಚಿಕ್ಕದು. ಕೊನೆಯ ಊಟ ಮುಗಿದಿದೆ. ರಾತ್ರಿ. ಯೇಸು ಶಿಷ್ಯರ ಜೊತೆ ಎಣ್ಣೆಮರಗಳ, ಅಂದರೆ ಆಲಿವ್ ಮರಗಳ, ಗುಡ್ಡಕ್ಕೆ ಬರುತ್ತಾನೆ. ಗೆತ್ಸೇಮನೆ ಎಂದರೆ ಎಣ್ಣೆಯ ಗಾಣ. ಪೇತ್ರ, ಯಾಕೋಬ, ಯೋಹಾನ ಈ ಮೂವರನ್ನು ಹತ್ತಿರ ಕರೆದುಕೊಂಡು, ಎಚ್ಚರವಾಗಿರಿ ಎಂದು ಹೇಳಿ, ತಾನು ಸ್ವಲ್ಪ ಮುಂದೆ ಹೋಗಿ ಪ್ರಾರ್ಥಿಸುತ್ತಾನೆ. ಈ ಪಾತ್ರೆ (ಅಂದರೆ ಬರಲಿರುವ ಸಂಕಟ) ನನ್ನಿಂದ ದೂರ ಹೋಗಲಿ, ಆದರೆ ನನ್ನ ಇಷ್ಟದಂತಲ್ಲ, ನಿನ್ನ ಇಷ್ಟದಂತೆ ಆಗಲಿ ಎಂದು ಬೇಡಿಕೊಳ್ಳುತ್ತಾನೆ. ವಾಪಸ್ ಬಂದು ನೋಡಿದರೆ ಮೂವರಿಗೂ ನಿದ್ದೆ. ಅಷ್ಟರಲ್ಲಿ ಅವನನ್ನು ಹಿಡಿದುಕೊಡಲು ಒಪ್ಪಿದ ಶಿಷ್ಯ ಯೂದ ದೀಪ, ಪಂಜು, ಆಯುಧ ಹಿಡಿದವರನ್ನು ಕರೆದುಕೊಂಡು ಬರುತ್ತಾನೆ.

ಗಮನಿಸಿ, ಹೊರಗೆ ಇಲ್ಲಿ ಏನೂ ನಡೆಯುವುದಿಲ್ಲ. ಒಬ್ಬ ಪ್ರಾರ್ಥಿಸುತ್ತಾನೆ, ಮೂವರು ಮಲಗುತ್ತಾರೆ. ಚಾಟಿ ಏಟು, ಶಿಲುಬೆ ಹೊರುವುದು, ಮೊಳೆ ಹೊಡೆಯುವುದು ಎಲ್ಲಾ ಆಮೇಲೆ. ಆ ದೃಶ್ಯಗಳನ್ನು ಬರೆಯುವ ಕಲಾವಿದನಿಗೆ ಕೈತುಂಬ ಕೆಲಸ ಇರುತ್ತದೆ. ಇಲ್ಲಿ ಇರುವುದೆಲ್ಲಾ ಒಳಗೆ. ಅದನ್ನು ಹೊರಗೆ ತರುವುದು ಹೇಗೆ?

ಬೈಬಲಿನ ಲೂಕನ ಸುವಾರ್ತೆಯಲ್ಲಿ ಇದಕ್ಕೊಂದು ಸುಳಿವು ಇದೆ. ಯೇಸು ಶಿಷ್ಯರಿಂದ ‘ಕಲ್ಲೆಸೆಯುವಷ್ಟು ದೂರ’ ಹೋದನು ಎಂದು ಅಲ್ಲಿ ಬರುತ್ತದೆ. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಮಾತು ಇದು. ಎಷ್ಟು ದೂರ ಅದು? ಕೂಗಿದರೆ ಕೇಳಿಸುತ್ತದೆ. ಕೈ ಚಾಚಿದರೆ ಸಿಗುವುದಿಲ್ಲ. ಒಂಟಿತನವನ್ನು ನೆಲದ ಮೇಲೆ ಅಳೆದು ಕೊಟ್ಟ ಹಾಗಿದೆ. ಇದನ್ನು ಬರೆಯಬೇಕೆಂದರೆ ನೆಲ ಬೇಕೇ ಬೇಕು. ಅಂದರೆ ಈ ದೃಶ್ಯದಲ್ಲಿ ಭೂದೃಶ್ಯ ಹಿಂದಿನ ಪರದೆಯಾಗಿ ಬಂದಿದ್ದಲ್ಲ. ಕಥೆಯೇ ಅದನ್ನು ಕೇಳುತ್ತದೆ.

ಈಗ ಮರದ ವಿಷಯ. ಡ್ಯೂರರ್ ಹುಟ್ಟಿದ್ದು 1471ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಅಪ್ಪ ಅಕ್ಕಸಾಲಿ. ಮಗ ಮೊದಲು ಅಪ್ಪನ ಅಂಗಡಿಯಲ್ಲೇ ಕೆಲಸ ಕಲಿತ. 1486ರಿಂದ ಮೂರು ವರ್ಷ ಮಿಖಾಯೆಲ್ ವೋಲ್ಗೆಮುಟ್ ಎಂಬ ಚಿತ್ರಕಾರನ ಬಳಿ ಇದ್ದ. ಮುದ್ರಿತ ಪುಸ್ತಕಗಳಿಗೆ ಮರದಚ್ಚಿನ ಚಿತ್ರಗಳನ್ನು ರಾಶಿ ರಾಶಿ ತಯಾರಿಸುತ್ತಿದ್ದ ಕಾರ್ಯಾಗಾರ ಅದು. ಊರಿನ ದೊಡ್ಡ ಮುದ್ರಕ ಆಂಟೋನ್ ಕೋಬರ್ಗರ್ ಈ ಹುಡುಗನಿಗೆ ದೀಕ್ಷಾಸ್ನಾನದ ಗಾಡ್‌ಫಾದರ್ ಬೇರೆ. ಹಾಗಾಗಿ ಶಾಯಿ, ಅಚ್ಚು, ಕಾಗದದ ವಾಸನೆ ಚಿಕ್ಕಂದಿನಿಂದಲೇ ಗೊತ್ತು.

‘ದೊಡ್ಡ ಪ್ಯಾಶನ್’ ಎಂದರೆ ಯೇಸುವಿನ ಕೊನೆಯ ದಿನಗಳ ಕಥೆ. ಹೆಸರಿನ ಪುಟ ಸೇರಿ 12 ಹಾಳೆ. ಏಳು ಚಿತ್ರಗಳನ್ನು ಸುಮಾರು 1496ರಿಂದ 1500ರ ಒಳಗೆ ಮಾಡಿದ. ಗೆತ್ಸೇಮನೆಯ ಚಿತ್ರ ಈ ಮೊದಲ ಗುಂಪಿನದು. ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಉಳಿದ ನಾಲ್ಕನ್ನು 1510ರಲ್ಲಿ ಸೇರಿಸಿ, 1511ರಲ್ಲಿ ಲ್ಯಾಟಿನ್ ಪದ್ಯಗಳ ಜೊತೆ ಪುಸ್ತಕ ಮಾಡಿದ. ಪದ್ಯ ಬರೆದವನು ಬೆನೆಡಿಕ್ಟಸ್ ಕೆಲಿಡೋನಿಯಸ್ ಎಂಬ ಸನ್ಯಾಸಿ. ಒಂದೊಂದು ಚಿತ್ರ ಸುಮಾರು 39 ಸೆಂಟಿಮೀಟರ್ ಎತ್ತರ, 28 ಅಗಲ. ನಮ್ಮ ಎ3 ಹಾಳೆಗಿಂತ ಒಂದು ಸುತ್ತು ಚಿಕ್ಕದು ಎಂದುಕೊಳ್ಳಿ.

ಮರದಚ್ಚಿನ ಕೆಲಸ ಹೇಗೆ ಎಂದರೆ ರಬ್ಬರ್ ಸ್ಟಾಂಪ್ ಇದ್ದ ಹಾಗೆ. ಉಬ್ಬಿದ್ದು ಕಪ್ಪಾಗಿ ಅಚ್ಚಾಗುತ್ತದೆ, ಕೆತ್ತಿ ತೆಗೆದದ್ದು ಬಿಳಿಯಾಗಿ ಉಳಿಯುತ್ತದೆ. ನುಣುಪು ಮಾಡಿದ ಹಲಗೆ, ಸಾಮಾನ್ಯವಾಗಿ ಪೇರ್ ಮರದ್ದು. ನಮ್ಮಲ್ಲಿ ಬೇರಿಕಾಯಿ ಎನ್ನುತ್ತೇವಲ್ಲ, ಅದರ ಜಾತಿ. ಎಳೆ ಒತ್ತಾಗಿರುವ, ಬೇಗ ಸೀಳದ ಮರ. ಅದರ ಮೇಲೆ ಶಾಯಿಯಲ್ಲಿ ಗೆರೆ ಬರೆಯಬೇಕು. ಆಮೇಲೆ ಗೆರೆಯ ಎರಡೂ ಬದಿ ಚಾಕುವಿನಿಂದ ಕೊಯ್ದು, ಗೆರೆ ಗೆರೆಗಳ ನಡುವಿನ ಮರ ತೆಗೆಯಬೇಕು. ಒಂದು ಕಪ್ಪು ಗೆರೆ ಉಳಿಯಬೇಕಾದರೆ ಅದರ ಅಕ್ಕಪಕ್ಕ ಎರಡು ಬಿಳಿ ಹಳ್ಳ ತೋಡಬೇಕು. ನ್ಯೂರೆಂಬರ್ಗ್‌ನಲ್ಲಿ ಕೆತ್ತುವುದೇ ಬೇರೆ ಕಸುಬು. ಚಿತ್ರಕಾರ ಬರೆಯುತ್ತಾನೆ, ಕೆತ್ತುವವನು ಕೆತ್ತುತ್ತಾನೆ. ಶುರುವಿನ ಹಲಗೆಗಳಲ್ಲಿ ಕೆಲವನ್ನು ಡ್ಯೂರರ್ ತಾನೇ ಕೆತ್ತಿರಬಹುದು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ.

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಅಂಗೈ ಅಗಲದ ಹಲಗೆಯಲ್ಲಿ ಮನುಷ್ಯನ ಮುಖ ಕೆತ್ತಲು ಹೋಗಿದ್ದೆ. ಮೂಗಿನ ಹತ್ತಿರ ಬಂದಾಗ ಚಾಕು ಎಳೆಯ ಜೊತೆ ಜಾರಿ, ತುಟಿಯ ಅರ್ಧ ಗೆರೆ ಹಾರಿಹೋಯಿತು. ಅಷ್ಟೇ. ಅಳುತ್ತಿದ್ದ ಮುಖ ನಗಲು ಶುರು ಮಾಡಿತು. ಮರಕ್ಕೆ ರಬ್ಬರ್ ಇಲ್ಲ. ಅಂದು ಗೊತ್ತಾಯಿತು, ಮರದಚ್ಚಿನಲ್ಲಿ ಮುಖ ಎಂದರೆ ಎಷ್ಟು ಅಪಾಯದ ಜಾಗ ಎಂದು.

ಈಗ ನಿಮ್ಮ ಚಿತ್ರಕ್ಕೆ ಬನ್ನಿ. ಯೇಸುವಿನ ಮುಖ ಎಷ್ಟು ದೊಡ್ಡದಿದೆ? ಹೆಚ್ಚು ಕಡಿಮೆ ಒಂದು ನಾಣ್ಯದಷ್ಟು. ಅಷ್ಟರಲ್ಲಿ ಕಣ್ಣು, ಹುಬ್ಬು, ಮೂಗು, ಗಡ್ಡ ಎಲ್ಲಾ ಬರಬೇಕು. ಎಣ್ಣೆಬಣ್ಣದಲ್ಲಾದರೆ ರೆಪ್ಪೆಯ ಕೆಳಗೆ ಒಂದಿಷ್ಟು ಕೆಂಪು, ಹಣೆಯ ಮೇಲೆ ಬೆವರಿನ ಹೊಳಪು ತರಬಹುದು. ಮರದಲ್ಲಿ ಕಪ್ಪು ಅಥವಾ ಬಿಳಿ, ಮೂರನೆಯದು ಇಲ್ಲ. ಮುಖದ ಮೇಲೆ ಜಾಸ್ತಿ ಗೆರೆ ಹಾಕಿದರೆ ಕೊಳಕಾಗುತ್ತದೆ, ವಯಸ್ಸಾದಂತೆ ಕಾಣುತ್ತದೆ. ಹಾಗಾಗಿ ಮುಖವನ್ನು ಆದಷ್ಟು ಖಾಲಿ ಬಿಡುವುದು ಕಸುಬಿನ ಜಾಣತನ. ನಿಮಗೆ ಅಲ್ಲಿ ‘ಏನೂ ಕಾಣಲಿಲ್ಲ’ ಎಂದರೆ ಅರ್ಧ ಕಾರಣ ಇದೇ.

ಹಾಗಾದರೆ ಭಾವ ಎಲ್ಲಿಗೆ ಹೋಯಿತು? ಮೊದಲು ಕೈಗೆ. ಯೇಸು ಕೈ ಮುಗಿದು ಕೂತಿಲ್ಲ, ನೋಡಿ. ಎರಡೂ ಕೈ ಎತ್ತಿದ್ದಾನೆ, ಅಂಗೈ ಹೊರಮುಖವಾಗಿದೆ. ಎದುರಿಗೆ ದೇವದೂತ ಪಾತ್ರೆ ಹಿಡಿದು ಬಂದಿದ್ದಾನೆ. ಪ್ರಾರ್ಥನೆಯಲ್ಲಿ ‘ಪಾತ್ರೆ’ ಎನ್ನುವುದು ಮಾತಿನ ರೂಪಕ. ಚಿತ್ರಕಾರರು ಅದನ್ನು ಕಣ್ಣಿಗೆ ಕಾಣುವ ಪಾತ್ರೆಯಾಗಿಯೇ ಮಾಡಿಬಿಟ್ಟರು. ಆ ಪಾತ್ರೆಯ ಎದುರು ಎತ್ತಿದ ಅಂಗೈಗೆ ಎರಡು ಅರ್ಥ. ಪ್ರಾರ್ಥನೆಯೂ ಹೌದು, ‘ಬೇಡ, ಬೇಡ’ ಎನ್ನುವುದೂ ಹೌದು. ಊಟದ ಪಂಕ್ತಿಯಲ್ಲಿ ಸಾಕು ಎಂದರೂ ಬಡಿಸಲು ಬಂದವರ ಎದುರು ನಾವು ಕೈ ಅಡ್ಡ ಹಿಡಿಯುತ್ತೇವಲ್ಲ, ಕೈ ಮಟ್ಟಿಗೆ ಅದಕ್ಕೂ ಇದಕ್ಕೂ ದೂರವಿಲ್ಲ.

ಆಮೇಲೆ ಭಾವ ಹೋಗಿದ್ದು ಗೆರೆಗೆ. ನೀವು ಬಂಡೆಯಲ್ಲಿ ಕಂಡದ್ದು ಅದನ್ನೇ.

ಡ್ಯೂರರ್‌ಗಿಂತ ಮೊದಲಿನ ಎಷ್ಟೋ ಮರದಚ್ಚುಗಳಲ್ಲಿ ಗೆರೆ ಸುಮ್ನೆ ಬೇಲಿ ಹಾಕುತ್ತಿತ್ತು. ಇಲ್ಲಿಗೆ ಬಟ್ಟೆ ಮುಗಿಯಿತು, ಇಲ್ಲಿಂದ ಗುಡ್ಡ ಶುರು, ಅಷ್ಟೇ. ಮಿಕ್ಕಿದ್ದನ್ನು ಆಮೇಲೆ ಕೈಯಿಂದ ಬಣ್ಣ ಹಾಕಿ ತುಂಬುತ್ತಿದ್ದರು. ಡ್ಯೂರರ್ ಗೆರೆಗೆ ಜೀವ ಕೊಟ್ಟ. ಅವನ ಗೆರೆ ತೆಳ್ಳಗೆ ಶುರುವಾಗಿ ನಡುವೆ ಉಬ್ಬಿ ಮತ್ತೆ ತೆಳ್ಳಗಾಗುತ್ತದೆ. ತುಂಬಿಕೊಂಡಿರುವ ಆಕಾರದ ಮೇಲೆ ಬಾಗಿ ಹೋಗುತ್ತದೆ. ಬಣ್ಣವೇ ಬೇಡ ಎನ್ನುವಂತೆ ಮಾಡಿದ. ಇನ್ನೊಂದು ಸಂಗತಿ ಇದೆ. ಬಟ್ಟೆಗೊಂದು ಗೆರೆ, ಕಲ್ಲಿಗೊಂದು ಗೆರೆ ಎಂದು ಅವನು ಪೂರ್ತಿ ಬೇರೆ ಮಾಡುವುದಿಲ್ಲ. ನಿಲುವಂಗಿಯ ಮಡಿಕೆ ಹೇಗೆ ಮುರಿದು ಮುರಿದು ನೆಲಕ್ಕೆ ಇಳಿಯುತ್ತದೋ ಬಂಡೆಯ ಪದರವೂ ಹಾಗೇ ಮುರಿಯುತ್ತದೆ. ತೊಗಟೆಯ ತಿರುಚು, ಮೋಡದ ಸುರುಳಿ, ಕೂದಲಿನ ಸುಳಿ ಎಲ್ಲಾ ಒಂದೇ ಕೈಬರಹ. ಕಣ್ಣು ಯೇಸುವಿನ ಮಡಿಕೆಯಿಂದ ಇಳಿದು ಬಂಡೆಗೆ ಬಂದಾಗ ತಾನು ಒಂದರಿಂದ ಇನ್ನೊಂದಕ್ಕೆ ದಾಟಿದ್ದೇ ಗೊತ್ತಾಗುವುದಿಲ್ಲ. ಮನುಷ್ಯನ ಮೈಯ ಬಿಗಿ ನೆಲಕ್ಕೂ ಹರಿದುಬಿಡುತ್ತದೆ.

ವರ್ಣಚಿತ್ರದಲ್ಲಿ ಇದು ಇಷ್ಟು ಸುಲಭಕ್ಕೆ ಆಗುವುದಿಲ್ಲ. ಅಲ್ಲಿ ಚರ್ಮಕ್ಕೆ ಒಂದು ಬಣ್ಣ, ಕಲ್ಲಿಗೆ ಇನ್ನೊಂದು. ಮರದಚ್ಚಿನಲ್ಲಿ ಎಲ್ಲಕ್ಕೂ ಒಂದೇ ಶಾಯಿ, ಒಂದೇ ಹಲಗೆ.

ಮುಂಭಾಗದ ನಿದ್ದೆಯನ್ನೂ ಬಿಡಬೇಡಿ. ಮೂವರು ಶಿಷ್ಯರು ನಮಗೆ ಅತಿ ಹತ್ತಿರ ಇದ್ದಾರೆ. ನಾವು ಯೇಸುವನ್ನು ನೋಡಬೇಕಾದರೆ ಅವರನ್ನು ದಾಟಿಯೇ ಹೋಗಬೇಕು. ಅವರ ಬಟ್ಟೆಗಳು ದಪ್ಪ ದಪ್ಪ ರಾಶಿಯಾಗಿ ಬಿದ್ದಿವೆ. ನನಗಂತೂ ಅವರು ಮನುಷ್ಯರಿಗಿಂತ ಉರುಳಿ ಬಂದು ನಿಂತ ಗುಂಡುಕಲ್ಲುಗಳ ಹಾಗೆ ಕಾಣುತ್ತಾರೆ. ಕಲ್ಲುಗಳು ಎಚ್ಚರ ಇರುವ ಹಾಗೆ, ಮನುಷ್ಯರು ಕಲ್ಲಾದ ಹಾಗೆ. ಹಿಂದೆ ದೂರದಲ್ಲಿ ಯೂದ ಮತ್ತು ಸೈನಿಕರು ಚಿಕ್ಕದಾಗಿ ಬರುತ್ತಿದ್ದಾರೆ. ಹತ್ತಿರ ಇದ್ದವರಿಗೆ ನಿದ್ದೆ, ದೂರದವರಿಗೆ ಅವಸರ, ನಡುವೆ ಒಬ್ಬ. ಕಲ್ಲೆಸೆತದ ದೂರ ಎಂದೆನಲ್ಲ, ಅದನ್ನು ಡ್ಯೂರರ್ ಕಾಗದದ ಮೇಲೆ ಹೀಗೆ ಅಳೆದ.

ಬಂಡೆಗಳು ಎಲ್ಲಿಂದ ಬಂದವು? ಯೆರೂಸಲೇಮಿನಿಂದ ಅಂತೂ ಅಲ್ಲ. ಅವನು ಅಲ್ಲಿಗೆ ಹೋದವನೇ ಅಲ್ಲ. 1494-95ರಲ್ಲಿ ಆಲ್ಪ್ಸ್ ದಾಟಿ ಇಟಲಿಗೆ ಹೋಗಿ ಬಂದ. ದಾರಿಯಲ್ಲಿ ಕೋಟೆ, ಕಣಿವೆ, ಬೆಟ್ಟಗಳನ್ನು ನೀರುಬಣ್ಣದಲ್ಲಿ ಬರೆದುಕೊಂಡ. ಆರ್ಕೋ ಊರಿನ ಬೆಟ್ಟದ ಚಿತ್ರ ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಊರಿಗೆ ಮರಳಿದ ಮೇಲೆ ನ್ಯೂರೆಂಬರ್ಗ್ ಸುತ್ತಲಿನ ಕಲ್ಲುಗಣಿಗಳಿಗೆ ಹೋಗಿ ಕೂತು ಬರೀ ಕಲ್ಲನ್ನೇ ಬರೆದ. ಮನುಷ್ಯರಿಲ್ಲ, ಕಥೆ ಇಲ್ಲ. ಒಡೆದ ಬಂಡೆಯ ಮೈ, ಬಿರುಕು, ಬಿರುಕಿನಿಂದ ಹೊರಬಂದ ಬೇರು. ಆ ಅಭ್ಯಾಸದ ಹಾಳೆಗಳೂ ಈ ಮರದಚ್ಚುಗಳೂ ಹೆಚ್ಚು ಕಡಿಮೆ ಒಂದೇ ವರ್ಷಗಳವು. ಅಂದರೆ ಗೆತ್ಸೇಮನೆಯ ಬಂಡೆ ಸುಮ್ನೆ ಊಹೆಯಿಂದ ಹುಟ್ಟಿದ್ದಲ್ಲ. ಅದರ ಹಿಂದೆ ಬಿಸಿಲಲ್ಲಿ ಕೂತು ನೋಡಿದ ಒಂದು ನಿಜವಾದ ಕಲ್ಲುಗಣಿ ಇದೆ. ಕಲ್ಲು ಹೇಗೆ ಸೀಳುತ್ತದೆ ಎಂದು ತಿಳಿದವನ ಗೆರೆ ಅದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬಂಡೆ, ದೇವದೂತ, ಪಾತ್ರೆ, ಮಲಗಿದ ಮೂವರು, ಹಿಂದೆ ಬಾಗಿಲಿನಿಂದ ಬರುವ ಗುಂಪು, ಇದೆಲ್ಲಾ ಡ್ಯೂರರ್ ಕಂಡುಹಿಡಿದದ್ದಲ್ಲ. ಜರ್ಮನ್ ನಾಡಿನಲ್ಲಿ ಈ ದೃಶ್ಯಕ್ಕೆ ಇದೇ ಸಿದ್ಧ ಸಾಮಾನು. ಡ್ಯೂರರ್ ತುಂಬಾ ಮೆಚ್ಚಿದ ಮಾರ್ಟಿನ್ ಶೋನ್‌ಗೌವರ್ ತಾಮ್ರದ ತಗಡಿನಲ್ಲಿ ಇದೇ ಕಥೆ ಕೆತ್ತಿದ್ದ. ಚರ್ಚಿನ ಹೊರಗೋಡೆಗೆ ಒರಗಿಸಿ, ಸಮಾಧಿಗಳ ಪಕ್ಕ, ಕಲ್ಲಿನಲ್ಲಿ ಇಡೀ ‘ಎಣ್ಣೆಮರಗಳ ಗುಡ್ಡ’ ಕಟ್ಟುವ ರೂಢಿಯೂ ಇತ್ತು. ಸ್ಪೈಯರ್ ಊರಿನ ಕೆಥೀಡ್ರಲ್ ಪಕ್ಕದಲ್ಲಿ ಹಾನ್ಸ್ ಸೈಫರ್ ಮಾಡಿದ್ದು ಬಹಳ ದೊಡ್ಡದು. ಸಾವಿಗೆ ಮುಂಚಿನ ಗಳಿಗೆ ಹೇಗಿರುತ್ತದೆ ಎಂದು ಅದನ್ನು ನೋಡಿ ಜನ ಪ್ರಾರ್ಥಿಸುತ್ತಿದ್ದರು. ಹಾಗಾಗಿ ‘ಈ ಬಂಡೆ ಎಂದರೆ ಕಲ್ಲು ಮನಸ್ಸು, ಈ ಮರ ಎಂದರೆ ಶಿಲುಬೆ’ ಎಂದು ಒಂದೊಂದಕ್ಕೂ ಚೀಟಿ ಅಂಟಿಸುವ ಆಟಕ್ಕೆ ಇಳಿಯಬೇಡಿ. ಕೆಲವು ಕಲಾ ಪುಸ್ತಕಗಳಿಗೆ ಆ ಚಟ ಇದೆ. ನನಗೆ ಅದು ಸೇರುವುದಿಲ್ಲ. ಸಾಮಾನು ಹಳೆಯದು, ಅದನ್ನು ಕೆತ್ತಿದ ಗೆರೆ ಹೊಸದು. ಹೊಸದು ಎಲ್ಲಿದೆಯೋ ಅಲ್ಲಿ ನೋಡಬೇಕು.

ಇದನ್ನು ಯಾರು, ಎಲ್ಲಿ ಕೂತು ನೋಡುತ್ತಿದ್ದರು ಎಂಬುದೂ ಮುಖ್ಯ. ಇದು ಗುಡಿಯ ಗೋಡೆಯ ಚಿತ್ರ ಅಲ್ಲ. ಜಾತ್ರೆ, ಸಂತೆಗಳಲ್ಲಿ ಮಾರಾಟವಾಗುತ್ತಿದ್ದ ಹಾಳೆ. ಡ್ಯೂರರ್‌ನ ಹೆಂಡತಿ ಆಗ್ನೆಸ್ ಫ್ರಾಂಕ್‌ಫರ್ಟ್ ಸಂತೆಗೆ ಹೋಗಿ ಗಂಡನ ಅಚ್ಚುಗಳನ್ನು ಮಾರಿದ್ದುಂಟು. ಕೊಂಡವರು ಮನೆಗೆ ಒಯ್ದು, ಮೇಜಿನ ಮೇಲೆ ಹರಡಿ, ಒಂದು ಮೊಳ ದೂರದಿಂದ ನೋಡುತ್ತಿದ್ದರು. ಒಬ್ಬರೇ ಕೂತು ಧ್ಯಾನಿಸುವ ರೂಢಿ ಅಂದು ಯುರೋಪಿನಲ್ಲಿ ಜೋರಾಗಿತ್ತು. 1454ರಲ್ಲಿ ಇಟಲಿಯಲ್ಲಿ ಹುಡುಗಿಯರಿಗಾಗಿ ಬರೆದ ಒಂದು ಪ್ರಾರ್ಥನೆಯ ಕೈಪಿಡಿ ಹೇಳುವುದು ಹೀಗೆ: ಯೇಸುವಿನ ಕಥೆಯನ್ನು ಮನಸ್ಸಿನಲ್ಲಿ ಕಟ್ಟುವಾಗ ನಿನಗೆ ಚೆನ್ನಾಗಿ ಗೊತ್ತಿರುವ ಊರನ್ನೇ ಯೆರೂಸಲೇಮ್ ಎಂದುಕೋ, ಗೊತ್ತಿರುವ ಜನರನ್ನೇ ಕಥೆಯ ಜನ ಎಂದುಕೋ. ನ್ಯೂರೆಂಬರ್ಗ್‌ನವನೊಬ್ಬ ಈ ಹಾಳೆ ನೋಡಿದಾಗ ಅವನಿಗೆ ಕಂಡದ್ದು ತನ್ನೂರಿನ ಹೊರಗಿನ ಬಂಡೆಯೇ. ದೂರದ ನಾಡಿನ ತೋಟ ಅಲ್ಲ. ಭಯಪಡಲು ಅವನು ಪ್ರಯಾಣ ಮಾಡಬೇಕಿರಲಿಲ್ಲ.

ಬಣ್ಣ ಇದ್ದವರು ಇದೇ ಕಥೆಯನ್ನು ಹೇಗೆ ಮಾಡಿದರು ಎಂದು ಹೋಲಿಸಬೇಕೆಂದರೆ ವೆನಿಸ್‌ನ ಜೊವಾನಿ ಬೆಲ್ಲಿನಿಯದು ನೋಡಿ. 1460ರ ಆಸುಪಾಸಿನದು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲಿ ಬೆಳಗಾಗುತ್ತಿದೆ. ಗುಡ್ಡಗಳ ಹಿಂದೆ ಗುಲಾಬಿ ಬೆಳಕು ಏರುತ್ತಿದೆ. ಇಷ್ಟು ಚಂದದ ಬೆಳಗಿನಲ್ಲಿ ಇಂಥದ್ದು ನಡೆಯುತ್ತದಾ ಎಂದು ಹೊಟ್ಟೆ ಹಿಂಡುತ್ತದೆ. ಡ್ಯೂರರ್‌ಗೆ ಬೆಲ್ಲಿನಿ ಎಂದರೆ ಪ್ರಾಣ. 1506ರಲ್ಲಿ ವೆನಿಸ್‌ನಿಂದ ಗೆಳೆಯ ಪಿರ್ಕ್‌ಹೈಮರ್‌ಗೆ ಬರೆದ ಪತ್ರದಲ್ಲಿ, ಬೆಲ್ಲಿನಿಗೆ ತುಂಬಾ ವಯಸ್ಸಾಗಿದೆ, ಆದರೂ ಚಿತ್ರಕಲೆಯಲ್ಲಿ ಅವನೇ ಮೇಲು ಎಂದಿದ್ದಾನೆ. ಆದರೆ ಮರದ ಹಲಗೆಯಿಂದ ಗುಲಾಬಿ ಬೆಳಗು ಬರುವುದಿಲ್ಲ. ಸರಿಯಾಗಿ ರಾತ್ರಿ ತರುವುದೇ ಕಷ್ಟ. ಆಕಾಶವನ್ನು ಪೂರ್ತಿ ಕಪ್ಪು ಬಿಟ್ಟರೆ ಅದರೊಳಗೆ ಏನೂ ಕಾಣದು. 1490ರ ದಶಕದ ಡ್ಯೂರರ್‌ಗೆ ಇದಕ್ಕೆ ಇನ್ನೂ ದಾರಿ ಸಿಕ್ಕಿರಲಿಲ್ಲ. ಕಥೆ ರಾತ್ರಿಯದ್ದಾದರೂ ನಾವು ಎಲ್ಲವನ್ನೂ ಹಗಲಿನಷ್ಟೇ ಸ್ಪಷ್ಟವಾಗಿ ನೋಡುತ್ತೇವೆ. ಕತ್ತಲೆಯ ಕೆಲಸವನ್ನೂ ಗೆರೆಯ ಚಡಪಡಿಕೆಯೇ ಮಾಡಬೇಕಾಯಿತು.

1510ರಲ್ಲಿ ಸೇರಿಸಿದ ಹಾಳೆಗಳನ್ನು, ಉದಾಹರಣೆಗೆ ಯೇಸುವನ್ನು ಹಿಡಿಯುವ ದೃಶ್ಯವನ್ನು, ಇದರ ಪಕ್ಕ ಇಟ್ಟರೆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ಅಲ್ಲಿ ಒತ್ತೊತ್ತಾದ ಸಮಾನ ಗೆರೆಗಳಿಂದ ಒಂದು ಬೂದು ಹಾಸು ಹಾಸಿ, ಅದರ ಮೇಲೆ ಬಿಳಿಯನ್ನೂ ಕಪ್ಪನ್ನೂ ಎಬ್ಬಿಸುತ್ತಾನೆ. ಜಾಣ್ಮೆ ಜಾಸ್ತಿ, ಬೆಳಕು ಚೆನ್ನ. ಆದರೆ ನನ್ನನ್ನು ಕೇಳಿದರೆ ಮೊದಲ ಹಾಳೆಗಳ ಒರಟು ಚಡಪಡಿಕೆಯೇ ಈ ಕಥೆಗೆ ಹೆಚ್ಚು ಒಪ್ಪುತ್ತದೆ. ನನ್ನ ಪ್ರಿಂಟ್‌ಮೇಕರ್ ಗೆಳೆಯರು ಇದಕ್ಕೆ ಒಪ್ಪುವುದಿಲ್ಲ, ಬಿಡಿ.

ನಿಮ್ಮ ‘ಬೇಕೆಂದೇ?’ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಸಾಕ್ಷಿ ಡ್ಯೂರರ್‌ನ ಜೀವನದಲ್ಲೇ ಇದೆ. ಈ ದೃಶ್ಯ ಅವನನ್ನು ಬಿಡಲೇ ಇಲ್ಲ. ಮತ್ತೆ ಮತ್ತೆ ಮಾಡಿದ. 1508ರಲ್ಲಿ ತಾಮ್ರದ ತಗಡಿನಲ್ಲಿ ಕೆತ್ತಿದ. ಅಲ್ಲಿ ಯೇಸು ಎರಡೂ ತೋಳನ್ನು ಮೇಲಕ್ಕೆ ಎಸೆದು ಕೂಗುವಂತಿದ್ದಾನೆ. 1511ರ ‘ಸಣ್ಣ ಪ್ಯಾಶನ್’ ಮರದಚ್ಚಿನ ಸರಣಿಯಲ್ಲಿ ಮತ್ತೊಮ್ಮೆ ಮಾಡಿದ. ಆ ಹಲಗೆಗಳು ಹೆಚ್ಚು ಕಡಿಮೆ ನಮ್ಮ ಪೋಸ್ಟ್‌ಕಾರ್ಡಿನಷ್ಟೇ ದೊಡ್ಡವು. ಒಟ್ಟು 37, ಅದರಲ್ಲಿ 35 ಹಲಗೆಗಳು ಇವತ್ತಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿ ಉಳಿದಿವೆ.

1515ರಲ್ಲಿ ಕಬ್ಬಿಣದ ತಗಡಿನ ಮೇಲೆ ಆಸಿಡ್‌ನಿಂದ ಗೆರೆ ಕೊರೆಯುವ ಎಚಿಂಗ್ ವಿಧಾನ ಹಿಡಿದ. ಆ ವಿಧಾನದಲ್ಲಿ ಅವನು ಜೀವನದಲ್ಲಿ ಮಾಡಿದ್ದೇ ಆರು ಚಿತ್ರ. ಅದರಲ್ಲಿ ಒಂದು ಇದೇ ಗೆತ್ಸೇಮನೆ. ಆಸಿಡ್ ಕಬ್ಬಿಣವನ್ನು ಒರಟಾಗಿ ತಿನ್ನುತ್ತದೆ. ಉಬ್ಬಿ ಇಳಿಯುವ ನಾಜೂಕು ಗೆರೆ ಅಲ್ಲಿ ಬರುವುದಿಲ್ಲ. ಬೇರೆಯವರಾಗಿದ್ದರೆ ಇದು ಕೊರತೆ ಎನ್ನುತ್ತಿದ್ದರು. ಡ್ಯೂರರ್ ಆ ಒರಟುತನವನ್ನು ಚಿತ್ರದೊಳಗಿನ ಮರಕ್ಕೆ ಕೊಟ್ಟ. ಗಾಳಿಗೆ ಸಿಕ್ಕಿ ಹರಿದುಹೋಗುವಂತಿರುವ ಮರ ಅದು. ಯೇಸು ಮಂಡಿಯೂರಿ ಸುಮ್ಮನಿದ್ದಾನೆ, ಮರ ಅವನ ಪರವಾಗಿ ಒದ್ದಾಡುತ್ತಿದೆ. ಅದನ್ನು ನೋಡಿದ ಮೇಲೆ ‘ಭೂದೃಶ್ಯಕ್ಕೆ ಭಾವ ತುಂಬಿದ್ದು ಆಕಸ್ಮಿಕ’ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಮರದ ಹಲಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಅವನು ಇಲ್ಲಿ ತಿಳಿದೇ ಬಳಸಿದ್ದಾನೆ.

ಆಮೇಲೆ 1521. ಫ್ರಾಂಕ್‌ಫರ್ಟ್‌ನ ಸ್ಟೇಡೆಲ್ ಮ್ಯೂಸಿಯಂನಲ್ಲಿ ಒಂದು ಪೆನ್ನಿನ ಚಿತ್ರ ಇದೆ. ಅದರಲ್ಲಿ ಯೇಸು ಮಂಡಿಯೂರಿಲ್ಲ. ಪೂರ್ತಿ ಬೋರಲು ಬಿದ್ದಿದ್ದಾನೆ. ತೋಳು ಎರಡೂ ಕಡೆ ಚಾಚಿವೆ, ಶಿಲುಬೆಯ ಹಾಗೆ. ಲೂಕ ಬರೆದದ್ದು ಮೊಣಕಾಲೂರಿದ ಎಂದು. ಇನ್ನೊಂದು ಸುವಾರ್ತೆ ಬರೆದ ಮತ್ತಾಯ ಹೇಳಿದ್ದು ಬೋರಲು ಬಿದ್ದ ಎಂದು. ಇಲ್ಲಿ ಮತ್ತಾಯನ ಮಾತು. ಈಗ ಮುಖವೇ ಇಲ್ಲ, ಅದು ಮಣ್ಣಿಗೆ ಒತ್ತಿಕೊಂಡಿದೆ. ಕೈ ಏನನ್ನೂ ತಡೆಯುತ್ತಿಲ್ಲ. ಮೈಯ ಗೆರೆ ಅಡ್ಡಕ್ಕೆ ಮಲಗಿ ನೆಲದ ಗೆರೆಯ ಜೊತೆ ಸೇರಿಬಿಟ್ಟಿದೆ. ಮೊದಲ ಮರದಚ್ಚಿನಲ್ಲಿ ಮನುಷ್ಯನ ಭಯ ಭೂಮಿಗೆ ಹರಿದಿತ್ತು. ಇಲ್ಲಿ ಮನುಷ್ಯನೇ ಭೂಮಿಯ ಒಂದು ಉಬ್ಬು.

ಇನ್ನು ಉದ್ದೀಪನ. ಒಂದು ಮಟ್ಟಿಗೆ ಆ ಪದ ಸಹಾಯ ಮಾಡುತ್ತದೆ. ಬೆಳದಿಂಗಳು, ತಂಗಾಳಿ, ಕೋಗಿಲೆ ಇವು ಪಾತ್ರದ ಒಳಗೆ ಆಗಲೇ ಇರುವ ಭಾವವನ್ನು ಹೊತ್ತಿಸುತ್ತವೆ ಎನ್ನುತ್ತೇವಲ್ಲ. ಆದರೆ ಇಲ್ಲಿ ಬಂಡೆ ಯೇಸುವಿನ ಭಯವನ್ನು ಹೊತ್ತಿಸುವುದಿಲ್ಲ. ಅವನಿಗೆ ಬಂಡೆ ಕಾಣುವುದೇ ಇಲ್ಲ, ಅವನ ಕಣ್ಣು ಪಾತ್ರೆಯ ಕಡೆ ಇದೆ. ಬಂಡೆ ಕೆಲಸ ಮಾಡುವುದು ನೋಡುವವರ ಮೇಲೆ. ಹಾಗಾಗಿ ಇದನ್ನು ಅನುಭಾವದ ಹತ್ತಿರ ಇಡುವುದು ವಾಸಿ ಎಂದು ನನಗನ್ನಿಸುತ್ತದೆ. ಒಳಗಿನದ್ದು ಮೈಯಲ್ಲಿ ಕಾಣಿಸಿಕೊಳ್ಳುವ ನಡುಕ, ಬೆವರು, ಕಂಬನಿಯನ್ನು ಅನುಭಾವ ಎನ್ನುತ್ತಾರಲ್ಲ, ಅದು. ಮೈಯಲ್ಲಿ ಜಾಗ ಸಾಲದೆ ಆ ನಡುಕ ಬಂಡೆಯಲ್ಲಿ ಕಾಣಿಸಿಕೊಂಡಿದೆ. ಆದರೆ ಈ ಪದಗಳನ್ನು ಡ್ಯೂರರ್‌ನ ತಲೆಯೊಳಗೆ ತುರುಕಬೇಡಿ. ಇವು ನಮ್ಮ ಕನ್ನಡಕ, ಅವನದ್ದಲ್ಲ.

ಇದೇ ಜಾಡಿನಲ್ಲಿ ಇನ್ನೊಂದು ನೋಡಬೇಕೆನಿಸಿದರೆ ಇಟಲಿಯ ಚಿತ್ರಕಾರ ಟಿಷಿಯನ್‌ನ ಕೆಂಪು ಸಮುದ್ರದ ಮರದಚ್ಚು ಹುಡುಕಿ. ಒಂದಲ್ಲ, 12 ಹಲಗೆ ಜೋಡಿಸಿದ ಗೋಡೆಯಷ್ಟು ದೊಡ್ಡ ಚಿತ್ರ. ಮೊದಲು ರೂಪುಗೊಂಡದ್ದು ಸುಮಾರು 1515ರಲ್ಲಿ, ನಮಗೆ ಉಳಿದಿರುವ ಮುದ್ರಣ 1549ರದ್ದು. ಬೈಬಲಿನ ಕಥೆಯ ಈಜಿಪ್ಟ್ ದೊರೆ ಫರೋಹನ ಸೈನ್ಯ ಮುಳುಗುತ್ತಿದೆ. ಅಲ್ಲಿ ಮುಖಗಳಿಗೆ ಕೆಲಸವೇ ಇಲ್ಲ, ಇಡೀ ಭಯ ಸಮುದ್ರದ ಉದ್ದುದ್ದ ಗೆರೆಗಳಲ್ಲಿದೆ. ಮುಂಭಾಗದಲ್ಲಿ ಒಂದು ನಾಯಿ ಕೂತು ಕಕ್ಕಸು ಮಾಡುತ್ತಿದೆ. ನಾನು ತಮಾಷೆ ಮಾಡುತ್ತಿಲ್ಲ, ನೀವೇ ನೋಡಿ.

ಕೊನೆಗೆ, ನೋಡುವ ವಿಧಾನ. ನೀವು ಫೋನಿನಲ್ಲಿ ನೋಡಿರುತ್ತೀರಿ ಎಂದುಕೊಳ್ಳುತ್ತೇನೆ. ಫೋನಿನಲ್ಲಿ ಗೆರೆಗಳು ಕಲಸಿಹೋಗಿ ಬೂದು ಬಣ್ಣವಾಗುತ್ತವೆ. ಭಾವ ಗೆರೆಯಲ್ಲಿದ್ದಾಗ ಗೆರೆಯೇ ಕಾಣದಿದ್ದರೆ ಏನು ನೋಡಿದ ಹಾಗಾಯಿತು? ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ ತಾಣಗಳಲ್ಲಿ ದೊಡ್ಡದು ಮಾಡಿ ನೋಡಬಹುದಾದ ಪ್ರತಿಗಳಿವೆ, ದುಡ್ಡು ಕೊಡಬೇಕಿಲ್ಲ. ಎಲ್ಲಾ ಪ್ರತಿಗಳೂ ಒಂದೇ ಅಲ್ಲ ಎಂಬುದೂ ನೆನಪಿರಲಿ. ಹಲಗೆಗಳನ್ನು ಡ್ಯೂರರ್ ಸತ್ತ ಮೇಲೂ ಅಚ್ಚು ಹಾಕುತ್ತಲೇ ಇದ್ದರು. ತೆಳ್ಳನೆಯ ಗೆರೆಗಳು ಸವೆದು ಮುರಿದವು, ಎಷ್ಟೋ ಹಲಗೆಗಳಿಗೆ ಹುಳು ಹಿಡಿಯಿತು. ಹಾಳೆಯ ಬೆನ್ನಿಗೆ ಲ್ಯಾಟಿನ್ ಪದ್ಯ ಇದ್ದರೆ ಅದು 1511ರ ಪುಸ್ತಕದ್ದು. ಸವೆದ ಪ್ರತಿಯಲ್ಲಿ ಬಂಡೆ ಸುಮ್ನೆ ಬಂಡೆಯಾಗಿ ಕಾಣುತ್ತದೆ.

ಒಳ್ಳೆಯ ಪ್ರತಿ ಸಿಕ್ಕರೆ ಎ3 ಹಾಳೆಗೆ ಪ್ರಿಂಟ್ ಹಾಕಿಸಿ. ಜೆರಾಕ್ಸ್ ಅಂಗಡಿಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಎನ್ನಿ, ಬಣ್ಣದ ದುಡ್ಡು ಕೊಡಬೇಡಿ. ಮೇಜಿನ ಮೇಲೆ ಇಟ್ಟು, ಒಂದು ನಾಣ್ಯ ತೆಗೆದು ಯೇಸುವಿನ ಮುಖದ ಮೇಲೆ ಮುಚ್ಚಿ. ಐದು ನಿಮಿಷ ಮಿಕ್ಕಿದ್ದನ್ನು ನೋಡಿ. ಆಮೇಲೆ ನಾಣ್ಯ ತೆಗೆದು, ಈ ಸಲ ನಾಲ್ಕು ಬಿಳಿ ಚೀಟಿಗಳಿಂದ ಬಂಡೆ, ಮರ, ಮಲಗಿದವರು, ಹಿಂದಿನ ಗುಂಪು ಎಲ್ಲವನ್ನೂ ಮುಚ್ಚಿ ಯೇಸುವನ್ನು ಮಾತ್ರ ಬಿಡಿ. ನನ್ನ ವಿದ್ಯಾರ್ಥಿಗಳ ಹತ್ತಿರ ಇದನ್ನು ಮಾಡಿಸಿದಾಗ ಎರಡನೇ ಸಲ ಒಬ್ಬಳು ಹೇಳಿದ್ದು: ‘ಸಾರ್, ಈಗ ಇವನು ಯಾರನ್ನೋ ಬಸ್ಸಿಗೆ ಹತ್ತಿಸಿ ಟಾಟಾ ಮಾಡ್ತಿರೋ ಹಾಗಿದೆ.’